ಟ್ಯಾಬ್ಲೆಟ್ ಗಣಕಯಂತ್ರದ ಮೂಲಕ ಹಿರಿಯರ ಜ್ಞಾಪಕಶಕ್ತಿ ಪರೀಕ್ಷೆ

ವಯಸ್ಸಾದಂತೆ ಹೆಸರುಗಳು ತಡವಾಗಿ ನೆನಪಾಗುವುದು ಸಹಜ. ಆದರೆ ಪರಿಚಿತ ದಾರಿ ತಪ್ಪುವುದು, ಹಣದ ಲೆಕ್ಕ ತಿಳಿಯದಾಗುವುದು ಕಂಡುಬಂದಲ್ಲಿ ತಪಾಸಣೆ ಅವಶ್ಯಕ.

ಇಂತಹ ಬದಲಾವಣೆಗಳನ್ನು ಅಳೆಯಲು ಟ್ಯಾಬ್ಲೆಟ್ ಗಣಕಯಂತ್ರವನ್ನೂ ಬಳಸಲಾಗುತ್ತದೆ. ಪರದೆಯ ಮೇಲಿನ ಚಿತ್ರಗಳನ್ನು ಗುರುತಿಸುವುದು, ಪದಗಳನ್ನು ನೆನಪಿನಿಂದ ಹೇಳುವುದು, ಸೂಚನೆಯಂತೆ ಪರದೆಯನ್ನು ಮುಟ್ಟುವುದು ಇದರ ಕ್ರಮ. ಉತ್ತರದೊಂದಿಗೆ ತೆಗೆದುಕೊಂಡ ಸಮಯವೂ ದಾಖಲಾಗುತ್ತದೆ.

ನಮ್ಮ ರಾಜ್ಯದ ಶ್ರೀನಿವಾಸಪುರ ತಾಲ್ಲೂಕಿನ ಗ್ರಾಮಗಳಲ್ಲಿ 45 ವರ್ಷ ಹಾಗೂ ಮೇಲ್ಪಟ್ಟವರ ದೀರ್ಘಕಾಲೀನ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 2018ರಲ್ಲಿ ಆರಂಭಿಸಿದ್ದು, ಅದರಲ್ಲಿ ‘ಕಾಗ್ನಿಟೋ’ ಎಂಬ ಗಣಕೀಕೃತ ಪರೀಕ್ಷೆಯನ್ನು ಬಳಸಲಾಗಿದೆ.

ಅಂಕ ಕಡಿಮೆಯಾದ ಮಾತ್ರಕ್ಕೆ ಮರೆಗುಳಿ ಕಾಯಿಲೆ ಇದೆಯೆಂದು ಭಾವಿಸತಕ್ಕದ್ದಲ್ಲ. ಅಕ್ಷರಾಭ್ಯಾಸ, ದೃಷ್ಟಿ ಹಾಗೂ ಶ್ರವಣದ ಕೊರತೆಯೂ ಫಲಿತಾಂಶದ ಮೇಲೆ ಪರಿಣಾಮ ಬೀರುತ್ತದೆ. ಥೈರಾಯ್ಡ್ ದೋಷ, ವಿಟಮಿನ್ ಬಿ12 ಕೊರತೆ ಅಥವಾ ಖಿನ್ನತೆಯಿಂದಲೂ ಮರೆವು ಉಂಟಾಗಬಹುದು, ಇವುಗಳಿಗೆ ಚಿಕಿತ್ಸೆಯಿದೆ. ವಯೋಸಹಜವೆಂದು ಕಡೆಗಣಿಸಿದಲ್ಲಿ ಆ ಚಿಕಿತ್ಸೆಯೇ ತಪ್ಪಿಹೋಗುತ್ತದೆ. ರೋಗ ನಿರ್ಣಯವನ್ನು ವೈದ್ಯರೇ ಮಾಡತಕ್ಕದ್ದು.

ಆದುದರಿಂದ ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳ ನಾಗರಿಕರು ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ಹಿರಿಯರೊಂದಿಗೆ ಮನೆಯವರೊಬ್ಬರು ತೆರಳಿ, ಕನ್ನಡಕ, ಶ್ರವಣ ಸಾಧನ ಹಾಗೂ ಸೇವಿಸುತ್ತಿರುವ ಔಷಧಿಗಳ ಚೀಟಿಯನ್ನು ಕೊಂಡೊಯ್ಯಲು ಕೋರಲಾಗಿದೆ. ಹೆಚ್ಚಿನ ಮಾಹಿತಿಗೆ ಹಿರಿಯ ನಾಗರಿಕರ ಸಹಾಯವಾಣಿ 14567 ಅನ್ನು ಸಂಪರ್ಕಿಸಬಹುದು.