ನಿಮಗಿದು ಗೊತ್ತೆ? ಒಡೆದ ಹಡಗುಗಳೂ ಬೆಸುಗೆಯ ಸಂಘವೂ
1917ರಲ್ಲಿ ಅಮೆರಿಕವು ಮಹಾಯುದ್ಧವನ್ನು ಪ್ರವೇಶಿಸಿದಾಗ, ಅಲ್ಲಿನ ಬಂದರುಗಳಲ್ಲಿ ಸಿಕ್ಕಿಕೊಂಡಿದ್ದ ಜರ್ಮನ್ ಹಡಗುಗಳ ನಾವಿಕರು, ಅವು ಶತ್ರುವಿನ ಉಪಯೋಗಕ್ಕೆ ಬಾರದಿರಲೆಂದು ಎಂಜಿನುಗಳ ಎರಕದ ಭಾಗಗಳನ್ನು ಒಡೆದುಹಾಕಿದ್ದರು. ಆದರೆ ದುರಸ್ತಿಗೆ ಅಸಾಧ್ಯವೆಂದು ತೋರಿದ ಆ ಭಗ್ನಯಂತ್ರಗಳನ್ನು, ಅಂದಿನ್ನೂ ಶೈಶವದಲ್ಲಿದ್ದ ವಿದ್ಯುತ್ ಬೆಸುಗೆಯು ಕೆಲವೇ ತಿಂಗಳುಗಳಲ್ಲಿ ಕೂಡಿಸಿಕೊಟ್ಟಿತು. ಒಡೆದವರೇ ಬೆಸೆಯುವ ವಿದ್ಯೆಗೆ ಪ್ರತಿಷ್ಠೆಯನ್ನು ತಂದರೆನ್ನಬೇಕು! ಯುದ್ಧಕಾಲದ ಬೆಸುಗೆ ಸಮಿತಿಯ ಅಧ್ಯಕ್ಷರಾಗಿದ್ದ ಹಾರ್ವರ್ಡಿನ ಪ್ರಾಧ್ಯಾಪಕ ಕಂಫರ್ಟ್ ಏವರಿ ಆಡಮ್ಸ್ ಅವರೇ, 1919ರಲ್ಲಿ ಸ್ಥಾಪಿತವಾದ ಅಮೆರಿಕನ್ ವೆಲ್ಡಿಂಗ್ ಸೊಸೈಟಿಗೂ ಪ್ರಥಮಾಧ್ಯಕ್ಷರಾದರು. ಪದಕ, ವಿದ್ಯಾರ್ಥಿವೇತನಗಳನ್ನು ನೀಡುತ್ತ ಬಂದಿರುವ ಆ ಸಂಸ್ಥೆಯಲ್ಲಿ ಅವರ ಹೆಸರಿನ ಸ್ಮಾರಕೋಪನ್ಯಾಸವೂ ಉಂಟು. 1976ರಲ್ಲಿ ಆರಂಭವಾದ ಅದರ ಬೆಸುಗೆ ಪರೀಕ್ಷಕರ ಅರ್ಹತಾಪತ್ರವನ್ನು ಇಂದು ನಾನಾ ದೇಶಗಳ ಕಾರ್ಖಾನೆಗಳು ಮನ್ನಿಸುತ್ತವೆ.