ಗೇರ್ ಬಾಕ್ಸಿನ ಮೇಲಿನ ಅಪವಾದ

ಮಳೆಗಾಲದ ಕಾರ್ತಿ ಬೆಳೆಯ ಹೂಟಿ ಶುರುವಾದರೆ ಕುಂದಾಪುರದ ಕಡೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಹ್ವಾಯ್, ಟಿಲ್ಲರಿನ ಗೇರ್ ಬಾಕ್ಸ್ ಹೋಯ್ತ್!" ಇಂಜಿನ್ ಗುಡುಗುಡು ಎನ್ನುತ್ತಿದೆ, ಗೇರ್ ಬೀಳುತ್ತಿದೆ, ಟಿಲ್ಲರ್ ಮಾತ್ರ ನಿಂತಲ್ಲಿಂದ ಅಲುಗುತ್ತಿಲ್ಲ. ಗದ್ದೆಯಂಚಿನಲ್ಲಿ ಕೊಡೆ ಹಿಡಿದು ನಿಂತವರಿಗೆ ತೀರ್ಪು ಕೊಡಲು ಅಷ್ಟು ಸಾಕು. ಬೆಲ್ಟಿನ ಮುಚ್ಚಳ ತೆಗೆದು ನೋಡಿದವರು ಅವರಲ್ಲಿ ಒಬ್ಬರೂ ಇರುವುದಿಲ್ಲ.

ತರ್ಕ ಸರಳ: ಇಂಜಿನ್ ಸರಿ ಇದೆ, ಗಾಡಿ ಹೋಗುತ್ತಿಲ್ಲ, ಅಂದ ಮೇಲೆ ಗೇರ್ ಬಾಕ್ಸೇ ಹೋಗಿರಬೇಕು. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಏನೇನಿದೆ ಎಂಬುದು ಈ ತರ್ಕಕ್ಕೆ ಬೇಡ. ಕೋಣದ ಕೊರಳಿಂದ ನೊಗ ಜಾರಿದ್ದನ್ನು ನೋಡದೆ ಕೋಣದ ಕಾಲೇ ಮುರಿದಿದೆ ಎಂದು ಗೋಳಾಡುವ ಹಾಗೆ.

ನಮ್ಮಲ್ಲಿ ಪರಿಚಿತವಾದ ಟಿಲ್ಲರುಗಳು ಮುಖ್ಯವಾಗಿ ಎರಡು ಮನೆತನದವು. ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಹುಟ್ಟಿ, ಜಪಾನಿನ ಮಿತ್ಸುಬಿಷಿಯ ನೆರವಿನಿಂದ ಟಿಲ್ಲರ್ ಕಟ್ಟಿತು. ಕೇರಳದ ಕ್ಯಾಮ್ಕೊ 1973ರದ್ದು, ಅದರ ಬೇರು ಕುಬೋಟದಲ್ಲಿದೆ. ಎರಡೂ 12-13 ಅಶ್ವಶಕ್ತಿಯ ಒಂಟಿ ಸಿಲಿಂಡರಿನ ಡೀಸೆಲ್ ಯಂತ್ರಗಳು, ಎರಡರಲ್ಲೂ ಶಕ್ತಿ ಸಾಗುವ ದಾರಿ ಹೆಚ್ಚುಕಡಿಮೆ ಒಂದೇ. ಇಂಜಿನ್ನಿನ ಪುಲ್ಲಿಯಿಂದ ವಿ-ಬೆಲ್ಟುಗಳು, ಬೆಲ್ಟಿನಿಂದ ಮೇನ್ ಕ್ಲಚ್ಚು, ಅಲ್ಲಿಂದ ಗೇರ್ ಬಾಕ್ಸು, ಅದರಾಚೆ ಎಡಬಲಕ್ಕೆ ಒಂದೊಂದು ಸ್ಟೇರಿಂಗ್ ಕ್ಲಚ್ಚು, ಕೊನೆಗೆ ಚಕ್ರ. ಈ ಸಾಲಿನಲ್ಲಿ ಎಣ್ಣೆಯಲ್ಲಿ ಮುಳುಗಿ, ಎರಕದ ಪೆಟ್ಟಿಗೆಯೊಳಗೆ ಸುಖವಾಗಿರುವುದು ಗೇರು. ಕೆಸರು, ಮಳೆ, ಸೋರಿದ ಆಯಿಲ್ ಎಲ್ಲವನ್ನೂ ತಿನ್ನುವುದು ರಬ್ಬರಿನ ಬೆಲ್ಟು. ಮೊದಲು ಕೈಕೊಡುವುದು ಯಾವುದು ಎಂದು ಊಹಿಸಲು ಪಂಚಾಂಗ ಬೇಕಿಲ್ಲ.

ಟಿಲ್ಲರಿಗೆ ಡಿಫರೆನ್ಶಿಯಲ್ ಇಲ್ಲ, ತಿರುಗಿಸುವುದು ಸ್ಟೇರಿಂಗ್ ಕ್ಲಚ್ಚುಗಳೇ. ಎಡದ ಹಿಡಿ ಒತ್ತಿದರೆ ಎಡಚಕ್ರಕ್ಕೆ ಶಕ್ತಿ ಕಡಿಯುತ್ತದೆ, ಬಲಚಕ್ರ ನೂಕುತ್ತದೆ, ಗಾಡಿ ಎಡಕ್ಕೆ ಹೊರಳುತ್ತದೆ. ಹಾಗಾಗಿ ಒಂದು ಬದಿಯ ಭಾಗ ಮುರಿದಿದ್ದರೆ ಟಿಲ್ಲರ್ ಗಿರಕಿ ಹೊಡೆಯಬೇಕು. ಎರಡೂ ಚಕ್ರ ಒಟ್ಟಿಗೆ ಸತ್ತಿವೆ ಎಂದರೆ ದೋಷ ಎರಡಕ್ಕೂ ಸೇರಿದ ಜಾಗದಲ್ಲಿ, ಅಂದರೆ ಸಾಲಿನ ಮೇಲ್ಗಡೆ, ಇದೆ. ಮೇಲ್ಗಡೆ ಎಂದರೆ ಮೊದಲು ಬೆಲ್ಟು, ಆಮೇಲೆ ಕ್ಲಚ್ಚು, ಕಟ್ಟಕಡೆಗೆ ಗೇರ್ ಬಾಕ್ಸು. ನಮ್ಮವರು ಇದೇ ಪಟ್ಟಿಯನ್ನು ತಲೆಕೆಳಗಾಗಿ ಓದುತ್ತಾರೆ.

ಪರೀಕ್ಷೆಗೆ ಐದು ನಿಮಿಷ ಸಾಕು. ಇಂಜಿನ್ ಪೂರ್ತಿ ನಿಲ್ಲಿಸಿಯೇ ಬೆಲ್ಟಿನ ಮುಚ್ಚಳ ಬಿಚ್ಚಿ. ಓಡುವ ಪುಲ್ಲಿಗೆ ಕೈ ಹಾಕುವ ಶೂರರು ಬೆರಳಿನ ಆಸೆ ಬಿಟ್ಟಿರಬೇಕು. ಸಮತಟ್ಟಾದ ಗಟ್ಟಿ ನೆಲದಲ್ಲಿ ನ್ಯೂಟ್ರಲ್ ಮಾಡಿ ನೂಕಿ, ಉರುಳಬೇಕು. ಈಗ ಮೇಲಿನ ಗೇರಿಗೆ ಹಾಕಿ, ಕ್ಲಚ್ ಕೂರಿಸಿ, ಮತ್ತೆ ನೂಕಿ. ಟಿಲ್ಲರ್ ಗಟ್ಟಿ ನಿಂತರೆ, ಅಥವಾ ಚಕ್ರದ ಜೊತೆ ಕ್ಲಚ್ಚಿನ ಪುಲ್ಲಿಯೂ ತಿರುಗಿದರೆ, ಗೇರ್ ಬಾಕ್ಸ್ ಕ್ಷೇಮ, ಬೆಲ್ಟನ್ನು ವಿಚಾರಿಸಿಕೊಳ್ಳಿ. ಚಕ್ರ ಸಲೀಸಾಗಿ ಉರುಳಿ ಪುಲ್ಲಿ ಮಾತ್ರ ಕದಲದಿದ್ದರೆ ಕ್ಲಚ್ಚಿನ ಕಡೆ ನೋಡಿ. ಅದೂ ಸರಿ ಇದ್ದರೆ ಮಾತ್ರ ಗೇರ್ ಬಾಕ್ಸಿನ ಸರದಿ.

ಬೆಲ್ಟಿನ ವಿಚಾರದಲ್ಲಿ ಇನ್ನೊಂದು ಮೂಢನಂಬಿಕೆ ಸುತ್ತುತ್ತಿದೆ. ಜಾರುವ ಬೆಲ್ಟಿಗೆ ರಾಳದ ಪುಡಿ ಉದುರಿಸಿ, ಸೋಪು ಉಜ್ಜಿ, ಹಿಡಿಯುತ್ತದೆ ಎನ್ನುತ್ತಾರೆ. ಹಿಡಿಯುತ್ತದೆ, ಒಂದು ಗದ್ದೆ ಮುಗಿಯುವವರೆಗೆ. ಹಳೆ ಅಕ್ಕಿ ಮಿಲ್ಲಿನ ಚಪ್ಪಟೆ ಬೆಲ್ಟುಗಳ ಕಾಲದ ವಿದ್ಯೆ ಇದು. ವಿ-ಬೆಲ್ಟು ಹಿಡಿಯುವುದು ತನ್ನ ಎರಡು ಓರೆ ಪಕ್ಕೆಗಳಿಂದ, ಪುಲ್ಲಿಯ ತೋಡಿನೊಳಗೆ ಬೆಣೆಯ ಹಾಗೆ ಇರುಕಿಕೊಂಡು. ಅದರ ಅಡಿಭಾಗ ತೋಡಿನ ತಳಕ್ಕೆ ತಾಗಲೇಬಾರದು. ಪುಲ್ಲಿಯ ತಳ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬೆಲ್ಟು ಸವೆದು ಕೆಳಗಿಳಿದಿದೆ ಎಂದೇ ಅರ್ಥ. ಆಮೇಲೆ ನೀವು ಎಷ್ಟು ಬಿಗಿದರೂ ಬೇರಿಂಗ್ ಹಾಳಾದೀತೇ ಹೊರತು ಗಾಡಿ ಹೋಗದು. ಸರಿಯಾದ ಬಿಗಿ ಎಂದರೆ ನಡುವೆ ಹೆಬ್ಬೆರಳಿಂದ ಒತ್ತಿದಾಗ ಒಂದೆರಡು ಸೆಂಟಿಮೀಟರ್ ತಗ್ಗಬೇಕು. ಆಯಿಲ್ ಸೀಲ್ ಸೋರಿ ಬೆಲ್ಟಿಗೆ ಎಣ್ಣೆ ಕುಡಿಸಿದ್ದರೆ ಮೊದಲು ಸೀಲ್ ಬದಲಿಸಿ. ಬೆಲ್ಟು ಬದಲಿಸುವಾಗ ಜೋಡಿಯ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಒಂದೇ ಹೊಸದು ಹಾಕಿದರೆ ಹಳೆಯವು ಸಡಿಲವಾಗಿ ನಿಂತು ಅದರಿಂದಲೇ ಎಲ್ಲ ದುಡಿಮೆ ಮಾಡಿಸುತ್ತವೆ.

ಬೆಲ್ಟು ಜಾರಿದರೆ ಕೀಂ ಎನ್ನುತ್ತದೆ, ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಕ್ಲಚ್ ಪ್ಲೇಟು ಜಾರಿದರೆ ಕೂಗಿಲ್ಲದೆ ಬರೀ ಕಮಟು. ಬಹಳ ಸಲ ಪ್ಲೇಟೂ ಹೋಗಿರುವುದಿಲ್ಲ, ಲಿವರಿನ ಕೊಂಡಿಯ ಅಡ್ಜಸ್ಟ್‌ಮೆಂಟ್ ತಪ್ಪಿರುತ್ತದೆ, ಅಷ್ಟೇ. ನಿಜವಾಗಿ ಗೇರ್ ಹೋದರೆ ಅದು ಬಾಯಿ ಮುಚ್ಚಿಕೊಂಡು ಹೋಗುವುದಿಲ್ಲ: ಕಟಕಟ ಸದ್ದು, ಗೇರ್ ತಾನಾಗಿ ಜಿಗಿಯುವುದು, ಬಸಿದ ಎಣ್ಣೆಯಲ್ಲಿ ಕಬ್ಬಿಣದ ಚೂರು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ವರ್ಷಕ್ಕೆ ಹತ್ತಿರಹತ್ತಿರ 4,000 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ ಟಿಲ್ಲರನ್ನು ಅಂಗಳದಲ್ಲೇ ನೆನೆಯಲು ಬಿಟ್ಟರೆ ಇನ್ನೇನಾದೀತು?

ಇಷ್ಟಾದರೂ ಗೇರ್ ಬಾಕ್ಸ್ ಬಿಚ್ಚಿಸುವವರು ಬಿಚ್ಚಿಸುತ್ತಾರೆ. ಬೆಲ್ಟಿನ ಖರ್ಚು ನೂರರ ಲೆಕ್ಕದ್ದು, ಗೇರ್ ಬಾಕ್ಸಿನದು ಸಾವಿರದ ಲೆಕ್ಕದ್ದು. ಅದಕ್ಕಿಂತ ದೊಡ್ಡ ನಷ್ಟ ದಿನಗಳದ್ದು: ಅಗೆ ಬಲಿಯುತ್ತದೆ, ನಟ್ಟಿಗೆ ಹೇಳಿಟ್ಟ ಹೆಂಗಸರು ಬೇರೆಯವರ ಗದ್ದೆಗೆ ಹೋಗುತ್ತಾರೆ, ಸ್ಪೇರ್ ಬರುವ ಹೊತ್ತಿಗೆ ಮಳೆಯ ಹದ ದಾಟಿರುತ್ತದೆ. ನನಗೆ ಸೋಜಿಗವೆಂದರೆ, ಕೋಣ ಕೊಳ್ಳುವಾಗ ಹಲ್ಲು ಎಣಿಸಿ, ಗೊರಸು ಎತ್ತಿ ನೋಡಿ, ನಡೆಸಿ, ಓಡಿಸಿ, ಸುಳಿ ಹುಡುಕುತ್ತಿದ್ದ ಜನ ಇವರು. ಬಿತ್ತನೆ ಬೀಜಕ್ಕೆ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರೆಗೆ ಹೋಗಿ ನೂರು ಪ್ರಶ್ನೆ ಕೇಳುತ್ತಾರೆ. ಲಕ್ಷದ ಯಂತ್ರದ ವಿಷಯ ಬಂದಾಗ ಮಾತ್ರ ಅಂಚಿನ ಮೇಲಿಂದ ಯಾರೋ ಹೇಳಿದ ಮೂರು ಪದ ಸಾಕಾಗುತ್ತದೆ. ಹೇಳಿದವನ ಧ್ವನಿ ಗಟ್ಟಿಯಿದ್ದಷ್ಟೂ ನಂಬಿಕೆ ಗಟ್ಟಿ. ಈಗಂತೂ ವಾಟ್ಸಪ್ಪಿನಲ್ಲಿ ಬಂದ ವಿಡಿಯೋದಲ್ಲಿ ಯಾವನೋ ಬೇರೆ ಯಾವುದೋ ಯಂತ್ರ ಬಿಚ್ಚುತ್ತಿರುತ್ತಾನೆ, ಇಲ್ಲಿ ನಮ್ಮವರು ಸ್ಪ್ಯಾನರ್ ಹುಡುಕುತ್ತಿರುತ್ತಾರೆ. ಹ್ಯಾಂಡಲಿಗೆ ನಿಂಬೆಹಣ್ಣು ಕಟ್ಟಿದವರ ಬಗ್ಗೆ ನನಗೆ ತಕರಾರಿಲ್ಲ. ನಿಂಬೆಹಣ್ಣು ಯಾವ ನಟ್ಟನ್ನೂ ಬಿಚ್ಚುವುದಿಲ್ಲ.

ಉಳಿದ ನಂಬಿಕೆಗಳಿಗೆ ಒಂದೊಂದೇ ಮಾತು. ಗೇರ್ ಆಯಿಲಿಗೆ ಆಯುಷ್ಯವಿಲ್ಲ, ಕಡಿಮೆಯಾದರೆ ಸುರಿದರಾಯಿತು ಎಂಬುದು ಸುಳ್ಳು. ಅದು ಸವೆದ ಲೋಹವನ್ನೂ ಹೊತ್ತುಕೊಂಡಿರುತ್ತದೆ, ಬಸಿದು ಬದಲಿಸಬೇಕು. ಬೈಲುಗದ್ದೆಯ ಹೂಳಿನಲ್ಲಿ ಚಕ್ರ ತಿರುಗಿಯೂ ಟಿಲ್ಲರ್ ಹೋಗದಿದ್ದರೆ ಅದು ಯಂತ್ರದ ರೋಗವೇ ಅಲ್ಲ, ಕೇಜ್ ವೀಲ್ ಹಾಕಿ. ತಿಂಗಳುಗಟ್ಟಲೆ ನಿಂತ ಟಿಲ್ಲರಿನ ಕ್ಲಚ್ ಪ್ಲೇಟುಗಳು ತುಕ್ಕಿಗೆ ಅಂಟಿಕೊಂಡರೆ ಗಾಡಿ ಹೋಗುವುದಿಲ್ಲ ಎನ್ನುತ್ತಾರಲ್ಲ, ಆಗುವುದು ತಿರುಗುಮುರುಗು: ಗಾಡಿ ನಿಲ್ಲುವುದೇ ಇಲ್ಲ, ಎದುರಿಗೆ ಯಾರೂ ಇರದಂತೆ ನೋಡಿಕೊಂಡು ಸ್ಟಾರ್ಟ್ ಮಾಡಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆ ಎನ್ನುವವರ ಟ್ರೈಲರಿನಲ್ಲಿ ಕೂರಬೇಡಿ. ಕೊಲ್ಲೂರು ಕಡೆಯಿಂದ ಬೈಂದೂರಿಗೆ ಇಳಿಯುವಂಥ ಏರುತಗ್ಗಿನ ದಾರಿಯಲ್ಲಿ ಟಿಲ್ಲರ್ ಓಡಿಸುವವರು ಇದನ್ನೂ ತಿಳಿದಿರಬೇಕು: ಇಳಿಜಾರಿನಲ್ಲಿ ಎಡದ ಹಿಡಿ ಒತ್ತಿದರೆ ಹಿಡಿತ ತಪ್ಪಿದ ಎಡಚಕ್ರವೇ ವೇಗವಾಗಿ ಉರುಳಿ ಗಾಡಿ ಬಲಕ್ಕೆ ತಿರುಗುತ್ತದೆ. ಅಲ್ಲಿ ಹಿಡಿಯ ಗೊಡವೆಗೆ ಹೋಗದೆ ಕೆಳಗಿನ ಗೇರಿನಲ್ಲಿ, ಹ್ಯಾಂಡಲನ್ನೇ ನೂಕಿ ತಿರುಗಿಸುವುದು ಲೇಸು.