ಬಿರುಗಾಳಿಯಲ್ಲಿ ಉಳಿದವರ ವಿಶ್ವಾಸ: ಯೂನಿಯನ್ ವಿಶ್ವವಿದ್ಯಾಲಯದ ಅನುಭವ ಮತ್ತು ದೈವಪರಿಪಾಲನೆಯ ಬೋಧನೆ

2008ನೇ ಇಸವಿಯ ಫೆಬ್ರವರಿ 5, ಮಂಗಳವಾರ. ಮರುದಿನ ವಿಭೂತಿ ಬುಧವಾರ. ಮನುಷ್ಯನು ಮಣ್ಣೆಂಬುದನ್ನು ಧರ್ಮಸಭೆಯು ತನ್ನ ಮಕ್ಕಳ ಹಣೆಯ ಮೇಲೆ ಬೂದಿಯಿಂದ ಬರೆಯುವ ದಿನಕ್ಕೆ ಇನ್ನೂ ಕೆಲವೇ ಗಂಟೆಗಳಿದ್ದವು. ಅಂದು ಸಂಜೆ ಏಳು ಗಂಟೆಯ ಸುಮಾರಿಗೆ ಅಮೆರಿಕದ ಟೆನೆಸಿ ರಾಜ್ಯದ ಪಶ್ಚಿಮ ಭಾಗದಲ್ಲಿರುವ ಜ್ಯಾಕ್ಸನ್ ನಗರದ ಯೂನಿಯನ್ ವಿಶ್ವವಿದ್ಯಾಲಯದ ಮೇಲೆ ಪ್ರಚಂಡ ಸುಂಟರಗಾಳಿಯೊಂದು ಎರಗಿತು. ಬ್ಯಾಪ್ಟಿಸ್ಟ್ ಪಂಥದ ಈ ವಿದ್ಯಾಸಂಸ್ಥೆಯ ವಿದ್ಯಾರ್ಥಿನಿಲಯಗಳು ಕ್ಷಣಮಾತ್ರದಲ್ಲಿ ಅವಶೇಷಗಳ ರಾಶಿಯಾದವು. ಆವರಣದಲ್ಲಿ ಆ ಹೊತ್ತಿಗೆ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದರು. ಐವತ್ತರಷ್ಟು ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಕೆಲವರು ಗಂಟೆಗಟ್ಟಲೆ ಕಲ್ಲುಮಣ್ಣಿನ ಕೆಳಗೆ ಸಿಲುಕಿದ್ದರು. ಆದರೆ ಒಬ್ಬರೂ ಸಾಯಲಿಲ್ಲ.

'ದೇವರೇ ನಮ್ಮನ್ನು ಕಾಪಾಡಿದರು' ಎಂದು ಬದುಕುಳಿದವರು ಹೇಳಿದರು. ಈ ಮಾತು ನಿಜವೇ? ನಿಜವಾದರೆ ಯಾವ ಅರ್ಥದಲ್ಲಿ? ದೈವಶಾಸ್ತ್ರದ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. ಅವರು ನಾಳೆ ಯಾಜಕರಾಗಿ ಇಂಥ ಮಾತನ್ನು ಕೇಳಲಿದ್ದಾರೆ, ತಾವೂ ಆಡಲಿದ್ದಾರೆ.

1. ನಮ್ಮದೇ ಒಂದು ತಪ್ಪು

ಮೊದಲಿಗೆ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳುವುದು ಯುಕ್ತ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ನಾವು ಕೆಲವು ಗುರುವಿದ್ಯಾರ್ಥಿಗಳೊಂದಿಗೆ ಪರಿಹಾರ ಶಿಬಿರವೊಂದಕ್ಕೆ ಹೋಗಿದ್ದೆವು. ಮನೆ ಕಳೆದುಕೊಂಡ ವೃದ್ಧೆಯೊಬ್ಬರಿಗೆ ಸಮಾಧಾನ ಹೇಳುವ ಆತುರದಲ್ಲಿ, 'ಅಮ್ಮಾ, ನಿಮ್ಮ ಪ್ರಾರ್ಥನೆಯೇ ನಿಮ್ಮನ್ನು ಉಳಿಸಿತು' ಎಂದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಪಕ್ಕದ ಮನೆಯವಳು ನನಗಿಂತ ಹೆಚ್ಚು ಜಪಮಾಲೆ ಹೇಳುತ್ತಿದ್ದಳು, ಫಾದರ್' ಎಂದರು. ಆ ನೆರೆಯಾಕೆ ಮಣ್ಣಿನಡಿ ಸೇರಿದ್ದರು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಆ ಮಾತಿಗೆ ಋಣಿಯಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

2. ಗಾಳಿಗೆ ತನ್ನದೇ ಆದ ಕಾರಣಗಳಿವೆ

ಮೆಕ್ಸಿಕೊ ಕೊಲ್ಲಿಯಿಂದ ಬರುವ ಬೆಚ್ಚಗಿನ ತೇವಭರಿತ ಗಾಳಿಯು ತಂಪಾದ ಒಣಗಾಳಿಯ ಕೆಳಗೆ ಸೇರಿದಾಗ ವಾತಾವರಣ ಅಸ್ಥಿರವಾಗುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ವೇಗವೂ ದಿಕ್ಕೂ ಬದಲಾಗುತ್ತಿದ್ದರೆ ಮೇಲೇರುವ ಗುಡುಗುಮೋಡ ತಿರುಗತೊಡಗುತ್ತದೆ. ಆ ತಿರುಗುವಿಕೆ ಬಿಗಿಯಾಗಿ ನೆಲ ಮುಟ್ಟಿದಾಗ ಅದನ್ನು ಟಾರ್ನೆಡೊ ಎನ್ನುತ್ತೇವೆ. ಯೂನಿಯನ್ ಆವರಣಕ್ಕೆ ಬಡಿದ ಗಾಳಿಯನ್ನು ಹವಾಮಾನ ತಜ್ಞರು ಇಎಫ್-4 ದರ್ಜೆಗೆ ಸೇರಿಸಿದರು. ಗಂಟೆಗೆ ಸುಮಾರು 267ರಿಂದ 322 ಕಿಲೋಮೀಟರ್ ವೇಗ ಎಂಬುದು ಆ ದರ್ಜೆಯ ಅರ್ಥ.

ಈ ವಿವರಣೆಯು ವಿಶ್ವಾಸಕ್ಕೆ ಅಡ್ಡಿಯಲ್ಲ. ಸೃಷ್ಟಿಯು ಪೂರ್ಣತೆಯ ಕಡೆಗೆ ಪಯಣಿಸುತ್ತಿದೆ, ಆ ಪಯಣದಲ್ಲಿ ಕಟ್ಟುವ ಶಕ್ತಿಗಳ ಜೊತೆಗೆ ಕೆಡಹುವ ಶಕ್ತಿಗಳೂ ಇರುತ್ತವೆ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಬೋಧಿಸುತ್ತದೆ (ಸಂ. 310). ಬೆಚ್ಚಗಿನ ಗಾಳಿಯೂ ತೇವವೂ ಇಲ್ಲದಿದ್ದರೆ ಆ ನಾಡಿನ ಹೊಲಗಳಿಗೆ ಮಳೆಯಿಲ್ಲ. ಬೆಳೆ ಕೊಡುವ ಅದೇ ನಿಯಮಗಳು ಕೆಲವೊಮ್ಮೆ ಸುಂಟರಗಾಳಿಯನ್ನೂ ಹುಟ್ಟಿಸುತ್ತವೆ. ಇಡೀ ಸೃಷ್ಟಿ ಪ್ರಸವವೇದನೆಯಲ್ಲಿ ನರಳುತ್ತಿದೆ ಎಂದು ಸಂತ ಪೌಲರು ಬರೆದಾಗ (ರೋಮ 8:22) ಅವರು ಈ ಅಪೂರ್ಣತೆಯನ್ನು ಮರೆಮಾಚಲಿಲ್ಲ; ಅದನ್ನು ಹೆರಿಗೆಯ ನೋವಿಗೆ ಹೋಲಿಸಿ ನಿರೀಕ್ಷೆಯ ಕಡೆಗೆ ತಿರುಗಿಸಿದರು.

3. ಸತ್ತವರ ಎದುರಿನಲ್ಲಿ ಕೃತಜ್ಞತೆ

ಆ ದಿನ ಅಮೆರಿಕದ ದಕ್ಷಿಣ ಭಾಗದಲ್ಲಿ ಬೀಸಿದ ಸುಂಟರಗಾಳಿ ಒಂದೆರಡಲ್ಲ. ಟೆನೆಸಿ, ಅರ್ಕನ್ಸಾ, ಕೆಂಟಕಿ, ಅಲಬಾಮ ರಾಜ್ಯಗಳಲ್ಲಿ ಒಟ್ಟು 50ಕ್ಕೂ ಹೆಚ್ಚು ಜನ ಮೃತರಾದರು. ಆ ಪ್ರದೇಶದಲ್ಲಿ ಕ್ರೈಸ್ತ ಭಕ್ತಿ ಬಲವಾಗಿ ಬೇರೂರಿದೆ. ಸತ್ತವರಲ್ಲಿಯೂ ಪ್ರಾರ್ಥಿಸುತ್ತಿದ್ದವರು ಇರಲಿಲ್ಲ ಎಂದು ಯಾರು ಹೇಳಬಲ್ಲರು? 'ನಾವು ಪ್ರಾರ್ಥಿಸಿದೆವು, ಆದ್ದರಿಂದ ಉಳಿದೆವು' ಎಂದು ಹೇಳಿದರೆ, 'ಅವರು ಪ್ರಾರ್ಥಿಸಲಿಲ್ಲ, ಆದ್ದರಿಂದ ಸತ್ತರು' ಎಂಬ ತೀರ್ಪು ಹೇಳದೆಯೇ ಹೊರಬೀಳುತ್ತದೆ. ಕೊಡಗಿನ ಆ ವೃದ್ಧೆ ನಮ್ಮಲ್ಲಿ ಕಂಡ ದೋಷ ಇದೇ.

ಯೇಸುಸ್ವಾಮಿ ಈ ಬಗೆಯ ಲೆಕ್ಕಾಚಾರವನ್ನು ನೇರವಾಗಿ ತಳ್ಳಿಹಾಕಿದ್ದಾರೆ. ಸಿಲೋವದ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಜೆರುಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳೇನಲ್ಲ ಎಂದರು (ಲೂಕ 13:4-5). ಅಲ್ಲಿಗೇ ನಿಲ್ಲದೆ, ಬದುಕಿರುವವರ ಕಡೆಗೆ ತಿರುಗಿ ಮನಪರಿವರ್ತನೆಗೆ ಕರೆಯಿತ್ತರು. ಸತ್ತವರ ಮೇಲೆ ತೀರ್ಪು ಬೇಡ, ಉಳಿದವರಿಗೆ ಕರೆಯುಂಟು ಎಂಬುದು ಪ್ರಭುವಿನ ಬೋಧನೆಯ ಕ್ರಮ.

ಯೋಬನ ಗ್ರಂಥವೂ ಇದಕ್ಕೆ ಸಾಕ್ಷಿ. ಮರುಭೂಮಿಯಿಂದ ಬಂದ ಮಹಾಗಾಳಿ ಮನೆಯ ನಾಲ್ಕು ಮೂಲೆಗಳಿಗೆ ಬಡಿದು ಯೋಬನ ಮಕ್ಕಳು ಸಾಯುತ್ತಾರೆ (ಯೋಬ 1:19). ಅದೇ ಗ್ರಂಥದ ಕೊನೆಯ ಭಾಗದಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತನಾಡುತ್ತಾರೆ (38:1). ಗಾಳಿಯಲ್ಲಿ ಮಕ್ಕಳನ್ನು ಕಳೆದುಕೊಂಡವನಿಗೆ ಗಾಳಿಯಲ್ಲಿಯೇ ದೇವರ ದರ್ಶನ, ಆದರೆ 'ಏಕೆ?' ಎಂಬುದಕ್ಕೆ ವಿವರಣೆ ಅಲ್ಲಿಯೂ ದೊರೆಯುವುದಿಲ್ಲ. ಯೋಬನಿಗೆ ದೊರೆತದ್ದು ದೇವರ ಸಾನ್ನಿಧ್ಯ. ಅವನ ಪಾಪವೇ ಕಾರಣವೆಂದು ಸಾಧಿಸಿದ ಗೆಳೆಯರಿಗೆ ದೊರೆತದ್ದು ದೇವರ ಖಂಡನೆ (42:7). ಯೂನಿಯನ್ ವಿಶ್ವವಿದ್ಯಾಲಯದ ಅನುಭವಗಳನ್ನು ಸಂಗ್ರಹಿಸಿ ಅದೇ ವರ್ಷ ಪ್ರಕಟವಾದ ಪುಸ್ತಕಕ್ಕೆ 'ಗಾಡ್ ಇನ್ ದ ವರ್ಲ್‌ವಿಂಡ್' ಎಂದು ಹೆಸರಿಟ್ಟದ್ದು, ಯೋಬನನ್ನು ಓದಿದವರಿಗೆ ಅರ್ಥಪೂರ್ಣವಾಗಿಯೇ ತೋರುತ್ತದೆ.

4. ದೇವರು ಕಾಪಾಡುವ ಬಗೆ

ಹಾಗಾದರೆ 'ದೇವರು ಕಾಪಾಡಿದರು' ಎನ್ನುವುದನ್ನೇ ಬಿಟ್ಟುಬಿಡಬೇಕೆ? ಬೇಡ. ಆದರೆ ಅದನ್ನು ಸರಿಯಾಗಿ ಹೇಳುವುದನ್ನು ಕಲಿಯಬೇಕು.

ಆ ಸಂಜೆ ಅಪಾಯದ ಸೈರನ್ ಮೊಳಗಿತ್ತು. ವಿದ್ಯಾರ್ಥಿನಿಲಯಗಳ ಹೊಣೆ ಹೊತ್ತವರು ಮೇಲಂತಸ್ತುಗಳಲ್ಲಿದ್ದವರನ್ನು ಕೆಳಗಿಳಿಸಿದರು. ಹಲವರು ನೆಲಮಹಡಿಯ ಸ್ನಾನದ ಕೋಣೆಗಳಲ್ಲಿ ಒತ್ತೊತ್ತಾಗಿ ಕುಳಿತರು. ಮೇಲಂತಸ್ತುಗಳು ಹಾರಿಹೋದಾಗ ಅಲ್ಲಿ ಯಾರೂ ಇಲ್ಲದಿದ್ದುದೇ ಪ್ರಾಣರಕ್ಷಣೆಗೆ ದೊಡ್ಡ ಕಾರಣವಾಯಿತು. 2002ರಲ್ಲಿಯೂ ಸುಂಟರಗಾಳಿಯೊಂದು ಈ ಆವರಣಕ್ಕೆ ಹಾನಿ ಮಾಡಿತ್ತು. ಆದ್ದರಿಂದ ಎಚ್ಚರಿಕೆಯನ್ನು ಹಗುರವಾಗಿ ಕಾಣುವ ಜನ ಅವರಾಗಿರಲಿಲ್ಲ. ಬಳಿಕ ರಕ್ಷಣಾ ಸಿಬ್ಬಂದಿ ರಾತ್ರಿಯ ಕತ್ತಲಲ್ಲಿ ಅವಶೇಷಗಳನ್ನು ಒಂದೊಂದಾಗಿ ಸರಿಸಿ ಸಿಲುಕಿದವರನ್ನು ಹೊರತೆಗೆದರು.

ಇದನ್ನೆಲ್ಲ ಕೇಳಿ ಒಬ್ಬರು, 'ಹಾಗಾದರೆ ಉಳಿಸಿದ್ದು ಸೈರನ್, ದೇವರಲ್ಲ' ಎನ್ನಬಹುದು. ಇನ್ನೊಬ್ಬರು, 'ಸೈರನ್ ನೆಪ ಮಾತ್ರ, ಉಳಿಸಿದ್ದು ದೇವರೇ' ಎನ್ನಬಹುದು. ಇಬ್ಬರೂ ಒಂದೇ ತಪ್ಪು ಮಾಡುತ್ತಾರೆ: ದೇವರನ್ನೂ ಮನುಷ್ಯನನ್ನೂ ಒಂದೇ ಕೆಲಸಕ್ಕೆ ಪೈಪೋಟಿ ನಡೆಸುವ ಇಬ್ಬರಂತೆ ಕಾಣುತ್ತಾರೆ. ಸಂತ ಥಾಮಸ್ ಅಕ್ವಿನಾಸರ ಬೋಧನೆ ಬೇರೆ. ದೇವರು ಜಗತ್ತನ್ನು ಸೃಷ್ಟಿಗಳ ಮೂಲಕವೇ ನಡೆಸುತ್ತಾರೆ. ಅದು ಅವರ ಶಕ್ತಿಯ ಕೊರತೆಯಿಂದಲ್ಲ, ಒಳ್ಳೆಯತನದ ಸಮೃದ್ಧಿಯಿಂದ. ಕಾರಣವಾಗುವ ಗೌರವವನ್ನು ಸೃಷ್ಟಿಗಳಿಗೂ ಅವರು ಹಂಚಿದ್ದಾರೆ (ಸುಮ್ಮಾ, ಭಾಗ 1, ಪ್ರಶ್ನೆ 22, ವಿಧಿ 3). ಗೆಳೆಯನನ್ನು ಎಬ್ಬಿಸಿ ಕೆಳಗೆ ಕರೆತಂದ ವಿದ್ಯಾರ್ಥಿಯ ಕೈ ಅವನದೇ ಕೈ, ದೈವಪರಿಪಾಲನೆಯ ಸಾಧನವೂ ಹೌದು.

ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯಕ್ಕಿಂತ ಸ್ಪಷ್ಟವಾಗಿ ಇದನ್ನು ತೋರಿಸುವ ಭಾಗ ಬೈಬಲಿನಲ್ಲಿ ವಿರಳ. ಹಡಗಿನಲ್ಲಿದ್ದ 276 ಮಂದಿಯಲ್ಲಿ ಒಬ್ಬರೂ ನಾಶವಾಗರು ಎಂದು ದೇವದೂತನಿಂದ ಪೌಲರಿಗೆ ವಾಗ್ದಾನ ದೊರೆತಿತ್ತು. ಆದರೂ ನಾವಿಕರು ಚಿಕ್ಕ ದೋಣಿಯಲ್ಲಿ ಪಲಾಯನ ಮಾಡಲು ಯತ್ನಿಸಿದಾಗ, ಇವರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕುವುದಿಲ್ಲ ಎಂದು ಅದೇ ಪೌಲರು ಸೈನಿಕರಿಗೆ ಎಚ್ಚರಿಸಿದರು (27:31). ವಾಗ್ದಾನವೂ ನಾವಿಕರ ಕೌಶಲವೂ ಅವರಿಗೆ ಪರಸ್ಪರ ವಿರುದ್ಧವಾಗಿ ಕಾಣಲಿಲ್ಲ. ಬಳಿಕ ರೊಟ್ಟಿಯನ್ನು ತೆಗೆದುಕೊಂಡು, ಎಲ್ಲರೆದುರು ದೇವರಿಗೆ ಸ್ತೋತ್ರ ಸಲ್ಲಿಸಿ, ಮುರಿದು, ಉಣ್ಣುವಂತೆ ಜನರನ್ನು ಹುರಿದುಂಬಿಸಿದರು. ಕೊನೆಗೆ ಕೆಲವರು ಈಜಿ, ಉಳಿದವರು ಹಲಗೆಗಳನ್ನು ಹಿಡಿದು ದಡ ಸೇರಿದರು. ಹಡಗು ಮಾತ್ರ ಉಳಿಯಲಿಲ್ಲ.

ಯೂನಿಯನ್ ವಿಶ್ವವಿದ್ಯಾಲಯದ ಹಡಗೂ ಒಡೆಯಿತು. ನಷ್ಟವನ್ನು ಸುಮಾರು 4 ಕೋಟಿ ಡಾಲರ್ ಎಂದು ಅಂದಾಜಿಸಲಾಯಿತು.

5. ಅವಶೇಷಗಳ ನಡುವಿನ ಬಲ

ವಿಶ್ವಾಸವು ಗೋಡೆ ಬೀಳದಂತೆ ತಡೆಯಲಿಲ್ಲ. ಹಾಗಿದ್ದರೆ ಅದು ಕೊಟ್ಟ ಬಲ ಯಾವುದು? ರೋಮಾಪುರಿ 410ರಲ್ಲಿ ಸೂರೆಯಾದ ಬಳಿಕ ಸಂತ ಅಗಸ್ಟೀನರು ಇದೇ ಪ್ರಶ್ನೆಯನ್ನು ಎದುರಿಸಿದರು. ಕಷ್ಟ ಒಳ್ಳೆಯವರಿಗೂ ಕೆಟ್ಟವರಿಗೂ ಒಂದೇ ಬಗೆಯಲ್ಲಿ ಬರುತ್ತದೆ. ವ್ಯತ್ಯಾಸವಿರುವುದು ಅದನ್ನು ಅನುಭವಿಸುವವರಲ್ಲಿ ಎಂದು 'ದೇವನಗರಿ'ಯ ಮೊದಲ ಸಂಪುಟದಲ್ಲಿ ಅವರು ವಾದಿಸುತ್ತಾರೆ. ಒಂದೇ ಬೆಂಕಿಯಲ್ಲಿ ಚಿನ್ನ ಹೊಳೆಯುತ್ತದೆ, ಹೊಟ್ಟು ಹೊಗೆಯಾಡುತ್ತದೆ.

ಯೂನಿಯನ್‌ನಲ್ಲಿ ಈ ವ್ಯತ್ಯಾಸ ಕಂಡದ್ದು ಸಣ್ಣ ಸಂಗತಿಗಳಲ್ಲಿ. ಕುಸಿದ ಕಟ್ಟಡದಡಿ ಸಿಲುಕಿದ್ದವರು ಪ್ರಾರ್ಥಿಸುತ್ತ ಪರಸ್ಪರ ಧೈರ್ಯ ತುಂಬಿದರು. ನಿಲಯ ಕಳೆದುಕೊಂಡ ವಿದ್ಯಾರ್ಥಿಗಳಿಗೆ ಊರಿನ ಮನೆಗಳೂ ದೇವಾಲಯಗಳೂ ಬಾಗಿಲು ತೆರೆದವು. ಅಂದಿನ ಅಧ್ಯಕ್ಷ ಡೇವಿಡ್ ಡಾಕರಿಯವರ ನೇತೃತ್ವದಲ್ಲಿ, ದುರಂತ ನಡೆದು ಕೇವಲ ಹದಿನೈದು ದಿನಗಳಿಗೆ, ಫೆಬ್ರವರಿ 20ರಂದು, ತರಗತಿಗಳು ಪುನಃ ಆರಂಭವಾದವು. ಅದೇ ವರ್ಷ ಹೊಸ ನಿಲಯಗಳು ಎದ್ದುನಿಂತವು.

ಇಲ್ಲಿ ದ್ವಿತೀಯ ಜಾನ್ ಪೌಲರ ಬೋಧನೆ ನೆನಪಾಗುತ್ತದೆ. 1984ರ ಫೆಬ್ರವರಿ 11ರಂದು ಪ್ರಕಟಿಸಿದ 'ಸಾಲ್ವಿಫಿಚಿ ದೊಲೋರಿಸ್' ಪ್ರೇಷಿತ ಪತ್ರದಲ್ಲಿ ಅವರು ಎರಡು ಮಾತು ಹೇಳುತ್ತಾರೆ. ನರಳುವವನು 'ಏಕೆ?' ಎಂದು ಕೇಳಿದಾಗ ಕ್ರಿಸ್ತರು ಶಿಲುಬೆಯ ಮೇಲಿಂದ ಉತ್ತರಿಸುತ್ತಾರೆ. ಆ ಉತ್ತರ ತರ್ಕವಾಗಿ ಬಾರದೆ ತಮ್ಮನ್ನು ಹಿಂಬಾಲಿಸುವ ಕರೆಯಾಗಿ ಬರುತ್ತದೆ. ಜೊತೆಗೆ, ಮಾನವರ ನೋವು ಲೋಕದಲ್ಲಿ ಪ್ರೀತಿಯನ್ನು ಹೊರಹೊಮ್ಮಿಸುತ್ತದೆ. ದಯಾಮಯ ಸಮಾರಿಯದವನ ಸಾಮತಿ ಅದಕ್ಕೆ ಮಾದರಿ. ಗಾಯಗೊಂಡವನು ಪಾಪಿಯೋ ಪುಣ್ಯವಂತನೋ ಎಂದು ಸಮಾರಿಯದವನು ವಿಚಾರಿಸಲಿಲ್ಲ. ಎಣ್ಣೆ ಸುರಿದು, ಗಾಯ ಕಟ್ಟಿ, ಛತ್ರಕ್ಕೆ ಒಯ್ದು, ಖರ್ಚಿನ ಹಣವನ್ನೂ ಕೊಟ್ಟನು.

6. ನಮ್ಮ ಸೇವೆಗೆ ಪಾಠ

ಮೇಲಿನ ವಿಚಾರದಿಂದ ಮೂರು ಮಾತುಗಳು ಸಿದ್ಧಿಸುತ್ತವೆ. ಒಂದು, ಬದುಕುಳಿದವರು ದೇವರಿಗೆ ಕೃತಜ್ಞತೆ ಸಲ್ಲಿಸುವುದು ಯುಕ್ತವೂ ಅಗತ್ಯವೂ ಹೌದು. ಜೀವ ದಾನವಾದ್ದರಿಂದ ಅದಕ್ಕೆ ಸ್ತೋತ್ರ ಸಲ್ಲಬೇಕು. ಎರಡು, ಆ ಕೃತಜ್ಞತೆಯನ್ನು ಅರ್ಹತೆಯಾಗಿ ಮಾರ್ಪಡಿಸಬಾರದು. ಸತ್ತವರೂ ಅದೇ ತಂದೆಯ ಕೈಯಲ್ಲಿದ್ದಾರೆ. ಮೂರು, ಎಚ್ಚರಿಕೆಯ ವ್ಯವಸ್ಥೆ, ಭದ್ರವಾದ ಕಟ್ಟಡ, ತಾಲೀಮು ಇವು ವಿಶ್ವಾಸದ ಕೊರತೆಯ ಗುರುತುಗಳಲ್ಲ. ನಮ್ಮ ಗುರುಮಠಗಳಲ್ಲಿಯೂ ಶಾಲೆಗಳಲ್ಲಿಯೂ ಅವನ್ನು ಅಲಕ್ಷಿಸಿ 'ದೇವರಿದ್ದಾರೆ' ಎಂದು ಕುಳಿತರೆ, ದೇವರು ನಮ್ಮ ಕೈಗಿತ್ತ ಗೌರವವನ್ನೇ ಹಿಂದಿರುಗಿಸಿದಂತೆ.

ಯೂನಿಯನ್‌ನ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರ ಪರಂಪರೆಯಲ್ಲಿ ವಿಭೂತಿ ಬುಧವಾರದ ಆಚರಣೆ ರೂಢಿಯಲ್ಲಿಲ್ಲ. ಆದರೂ ಆ ವರ್ಷ ಫೆಬ್ರವರಿ 6ರ ಬೆಳಗ್ಗೆ ಅವರು ಧೂಳು ಮೆತ್ತಿದ ಮುಖಗಳೊಂದಿಗೆ ತಮ್ಮ ಮುರಿದ ಕೋಣೆಗಳನ್ನು ನೋಡಿದರು. ತಪಸ್ಸುಕಾಲದ ದಾರಿ ಪಾಸ್ಖಕ್ಕೆ ತಲಪುತ್ತದೆಂದು ನಾವು ಬೋಧಿಸುತ್ತೇವೆ. ಆದರೆ ಅದು ಬೂದಿಯಿಂದಲೇ ಹೊರಡುತ್ತದೆ.

ಕೊಡಗಿನ ಆ ವೃದ್ಧೆಯನ್ನು ಮತ್ತೆ ಕಂಡರೆ ನಾವು ಇಂದು ಹೇಳಬಹುದಾದದ್ದು ಬಹಳವಿಲ್ಲ. ಮೊದಲು ಆಕೆಯ ನೆರೆಯಾಕೆಯ ಹೆಸರು ಕೇಳುತ್ತೇವೆ. ಆ ಹೆಸರನ್ನು ಬಲಿಪೂಜೆಯಲ್ಲಿ ಸ್ಮರಿಸುವುದಾಗಿ ಮಾತು ಕೊಡುತ್ತೇವೆ. ಬಳಿಕ, ಆಕೆ ಒಪ್ಪಿದರೆ, ಪಕ್ಕದಲ್ಲಿ ಕುಳಿತು ಆ ನೆರೆಯಾಕೆಗಾಗಿ ಜಪಮಾಲೆಯನ್ನು ಜೊತೆಯಾಗಿ ಹೇಳುತ್ತೇವೆ.